ಹೊಸ ಲೇಔಟ್‌ನ ಬೋರ್ ನೀರು: ಬೇಳೆ ಬೇಯುತ್ತಿಲ್ಲ, ಗೀಸರ್ ಬಾಳುತ್ತಿಲ್ಲ. ಸಾಫ್ಟ್‌ನರ್ ಹಾಕಿಸಬೇಕಾ?

ಸವಳಂಗ_ರಸ್ತೆ_ಸೊಸೆ
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಸವಳಂಗ ರಸ್ತೆ ಕಡೆ ಹೊಸ ಲೇಔಟ್‌ನಲ್ಲಿ ಮನೆ ಕಟ್ಟಿಸಿಕೊಂಡು ಬಂದಿದ್ದೇವೆ. ಮೊದಲು ತಿಲಕನಗರದಲ್ಲಿ ಬಾಡಿಗೆಗೆ ಇದ್ದೆವು, ನಲ್ಲಿಯಲ್ಲಿ ತುಂಗೆ ನೀರು. ಆಗ ನೀರಿನ ಬಗ್ಗೆ ತಲೆ ಕೆಡಿಸಿಕೊಂಡೇ ಇರಲಿಲ್ಲ. ಇಲ್ಲಿಗೆ ಕಾರ್ಪೊರೇಷನ್ ಪೈಪು ಇನ್ನೂ ಬಂದಿಲ್ಲ. ಲೇಔಟ್‌ನ ಬೋರ್‌ವೆಲ್ಲೇ ಎಲ್ಲ ಮನೆಗೂ ಗತಿ.

ಸ್ಟೀಲ್ ಬಕೆಟ್ ಒಳಗೆ ಬಿಳಿ ಪದರ ಕಟ್ಟುತ್ತದೆ, ಉಗುರಿನಲ್ಲಿ ಕೆರೆದರೆ ಪುಡಿ ಪುಡಿಯಾಗಿ ಬರುತ್ತದೆ. ಶವರ್‌ನಲ್ಲಿ ಅರ್ಧಕ್ಕರ್ಧ ತೂತು ಮುಚ್ಚಿ, ಉಳಿದ ತೂತಿನ ನೀರು ಮೈಗೆ ಬೀಳುವ ಬದಲು ಗೋಡೆಗೆ ಹೊಡೆಯುತ್ತದೆ. ಗೀಸರ್ ಕಾಯಿಲ್ ವರ್ಷ ತುಂಬುವ ಮೊದಲೇ ಸುಟ್ಟಿತು. ಬಿಚ್ಚಿ ನೋಡಿದರೆ ಕಾಯಿಲ್ ಕಾಣಿಸುತ್ತಲೇ ಇಲ್ಲ, ಸುತ್ತ ಕಲ್ಲು ಕಟ್ಟಿದೆ. ಮೆಕ್ಯಾನಿಕ್ ಸ್ಕ್ರೂಡ್ರೈವರ್‌ನಲ್ಲಿ ತಟ್ಟಿದಾಗ ಚಕ್ಕೆ ಚಕ್ಕೆಯಾಗಿ ಉದುರಿತು. ಇನ್ನು ತೊಗರಿಬೇಳೆ ಎಷ್ಟು ಸೀಟಿ ಕೂಗಿಸಿದರೂ ಕಾಳು ಕಾಳಾಗಿಯೇ ಇರುತ್ತದೆ. ಅತ್ತೆ ಬೇಳೆ ಹಳೆಯದು ಅಂತಾರೆ, ಅಂಗಡಿಯವರು ನಿಮ್ಮ ನೀರು ಸರಿಯಿಲ್ಲ ಅಂತಾರೆ.

ಮೊನ್ನೆ ಒಬ್ಬ ಸೇಲ್ಸ್ ಹುಡುಗ ಬಂದಿದ್ದ. ಎರಡು ಲೋಟ ಇಟ್ಟ, ಒಂದರಲ್ಲಿ ನಮ್ಮ ನೀರು, ಇನ್ನೊಂದರಲ್ಲಿ ಅವನ ಮಷೀನಿನ ನೀರು. ಕರೆಂಟಿನ ಕಡ್ಡಿ ಅದ್ದಿದ. ನಮ್ಮ ಲೋಟ ನೋಡ್ತಾ ನೋಡ್ತಾ ಕಂದು ಬಣ್ಣಕ್ಕೆ ತಿರುಗಿ ಮೇಲೆ ಕೊಳೆ ತೇಲಿತು. ಅವನದು ಹಾಗೇ ತಿಳಿಯಾಗಿತ್ತು. "ಇದನ್ನೇ ಮಕ್ಕಳಿಗೆ ಕುಡಿಸ್ತಿದ್ದೀರಾ ಮೇಡಂ?" ಅಂದ. ಅತ್ತೆ ಆವತ್ತಿಂದ ಕ್ಯಾನ್ ನೀರು ಬಿಟ್ಟು ಬೇರೆ ಮುಟ್ಟುತ್ತಿಲ್ಲ. ಇಡೀ ಮನೆಗೆ ಸಾಫ್ಟ್‌ನರ್ (ಸುಣ್ಣದ ಅಂಶ ತೆಗೆದು ನೀರು ಮೆದು ಮಾಡೋ ಮಷೀನು), ಅಡುಗೆ ಮನೆಗೆ ಆರ್‌ಓ (ಲವಣ ತೆಗೆಯೋ ಕುಡಿಯುವ ನೀರಿನ ಫಿಲ್ಟರ್), ಎರಡೂ ಸೇರಿ ಎಪ್ಪತ್ತು ಸಾವಿರ ಹೇಳಿದ್ದಾನೆ. ಹಾಕಿಸಬಹುದಾ? ಅನುಭವ ಇರುವವರು ಹೇಳಿ.

ಬಚ್ಚಲೊಲೆ
ಆ ಹುಡುಗನ ಹತ್ತಿರ ಮಾತ್ರ ತಗೋಬೇಡಿ.

ರಸಾಯನ_ಮೇಷ್ಟ್ರು
ತಂಗೀ, ಆ ಎರಡು ಲೋಟದ ಆಟ ಹಳೆಯದು. ಕಂದು ಬಣ್ಣ ನಿಮ್ಮ ನೀರಿನಲ್ಲಿ ಇದ್ದ ಕೊಳೆ ಅಲ್ಲ, ಅವನ ಕಡ್ಡಿಯ ಕಬ್ಬಿಣ. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಕಬ್ಬಿಣದ ಕಡ್ಡಿ ಕರಗಿ ತುಕ್ಕಿನ ಬಣ್ಣದ ಗಷ್ಟು ಬರುತ್ತದೆ. ಆರ್‌ಓ ನೀರಿನಲ್ಲಿ ಲವಣ ಇಲ್ಲದಷ್ಟು ಕಡಿಮೆ, ಕರೆಂಟ್ ಹರಿಯುವುದೇ ಇಲ್ಲ, ಅದಕ್ಕೇ ತಿಳಿಯಾಗಿರುತ್ತದೆ. ಮುಂದಿನ ಸಲ ಬಂದರೆ ಅವನ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ. ಅದೂ ಕಂದಾಗುತ್ತದೆ. ತುಂಗೆ ನೀರು ಇಟ್ಟರೂ ಸ್ವಲ್ಪ ಬಣ್ಣ ಬಂದೇ ಬರುತ್ತದೆ.

ಹಾಗಂತ ನಿಮ್ಮ ನೀರು ಗಡಸಲ್ಲ ಅಂತ ನಾನು ಹೇಳುತ್ತಿಲ್ಲ. ಕಾಯಿಲ್ ಮೇಲಿನ ಕಲ್ಲೇ ಸಾಕ್ಷಿ. ಮೊದಲು ಟೆಸ್ಟ್ ಮಾಡಿಸಿ, ಆಮೇಲೆ ದುಡ್ಡು ಬಿಚ್ಚಿ.

ಕುಪ್ಪಳಿ_ಕಡೆಯವ
ಎಂತ ಮಾರಾಯ್ರೆ, ಮಲೆನಾಡಿನಲ್ಲಿ ಗಡಸು ನೀರಾ? ನಮ್ಮಲ್ಲಿ ಬಾವಿ ನೀರಿಗೆ ಸೋಪು ಹಾಕಿದರೆ ನೊರೆ ಹೋಗುವುದೇ ಕಷ್ಟ, ಎಷ್ಟು ತೊಳೆದರೂ ಕೈ ಜಾರುತ್ತದೆ. ಗಂಗಾ ಸ್ನಾನ ತುಂಗಾ ಪಾನ ಅಂತ ಸುಮ್ನೆ ಹೇಳಿದ್ದಾರಾ?

ಟ್ಯಾಂಕ್_ಮೇಲಿನ_ಕಾಗೆ
ಅವರು ಕುಡಿಯುತ್ತಿರೋದು ತುಂಗೆ ಅಲ್ಲ ಗುರುವೇ, ಬೋರು. ಪೋಸ್ಟ್ ಪೂರ್ತಿ ಓದಿ.

ಶಿಕಾರಿಪುರ_ಶಿವು
ಕುಪ್ಪಳಿಯವರೇ, ಜಿಲ್ಲೆ ಅಂದರೆ ತೀರ್ಥಹಳ್ಳಿ ಒಂದೇ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ. ಅಲ್ಲಿಂದ ಪೂರ್ವಕ್ಕೆ ಬಂದ ಹಾಗೆ ಮಳೆ ಇಳಿಯುತ್ತಾ ಹೋಗುತ್ತದೆ. ನಮ್ಮ ಶಿಕಾರಿಪುರ, ಶಿವಮೊಗ್ಗದ ಆಚೆ ಹೊಳಲೂರು ಕಡೆ ಎಲ್ಲ ಅರೆಮಲೆನಾಡು. ನಿಮ್ಮಲ್ಲಿ ಜಂಬಿಟ್ಟಿಗೆ ನೆಲ. ಸಾವಿರಾರು ವರ್ಷದ ಮಳೆಗೆ ಸುಣ್ಣದ ಅಂಶ ಎಲ್ಲ ತೊಳೆದು ಹೋಗಿದೆ, ಬಾವಿ ನೀರು ಮೆದು. ನಮ್ಮಲ್ಲಿ ಬಾವಿ ಬತ್ತಿ ಯಾವ ಕಾಲ ಆಯ್ತೋ. ಬೋರು ಹೊಡೆದು ಆಳದ ಬಂಡೆ ಬಿರುಕಿನ ನೀರು ಎತ್ತುತ್ತೇವೆ. ಆ ನೀರು ಬಂಡೆಯಲ್ಲೇ ವರ್ಷಗಟ್ಟಲೆ ನಿಂತಿರುತ್ತದೆ, ಕ್ಯಾಲ್ಸಿಯಂ ಮೆಗ್ನೀಸಿಯಂ ಕರಗಿಸಿಕೊಂಡೇ ಮೇಲೆ ಬರುತ್ತದೆ.

ಕುಪ್ಪಳಿ_ಕಡೆಯವ
ಸರಿ ಸರಿ, ಬೈಬೇಡಿ. ಆದರೆ ಮೆದು ನೀರು ಅಂದ ಕೂಡಲೇ ಸ್ವರ್ಗ ಅಂದುಕೊಳ್ಳಬೇಡಿ. ನಮ್ಮ ಬಾವಿ ನೀರು ಸ್ವಲ್ಪ ಹುಳಿ ಗುಣದ್ದು. ತಾಮ್ರದ ಪೈಪು ಹಾಕಿಸಿದ್ದ ನೆಂಟರ ಮನೆಯಲ್ಲಿ ಸಿಂಕಿನ ಮೇಲೆ ಹಸಿರು ಗೆರೆ ಬಿದ್ದು ಬಿಟ್ಟಿದೆ. ಪೈಪನ್ನೇ ತಿನ್ನುತ್ತಿದೆ.

ಹೊಸನಗರ_ಹುಡುಗ
ನಮ್ಮಲ್ಲಿ ಅಬ್ಬಿ ನೀರು ಗುಡ್ಡದಿಂದ ಪೈಪಿನಲ್ಲಿ ತಾನಾಗೇ ಇಳಿದು ಬರುತ್ತಿತ್ತು, ಮೋಟರೇ ಬೇಡ. ಈಗ ಬೇಸಿಗೆಯಲ್ಲಿ ಅದು ಸಣ್ಣಗಾಗುತ್ತೆ ಅಂತ ಅಪ್ಪ ಬೋರು ಹೊಡೆಸಿದರು. ನೀರು ಬರುವಾಗ ತಿಳಿ. ಬಕೆಟ್‌ನಲ್ಲಿ ರಾತ್ರಿ ಇಟ್ಟರೆ ಬೆಳಗ್ಗೆ ಕೆಂಪು, ಮೇಲೆ ಎಣ್ಣೆ ಥರ ಕೆನೆ. ಬಿಳಿ ಪಂಚೆ ಎಲ್ಲ ಕಾವಿ ಆಯ್ತು. ಚಹಾ ಮಾಡಿದರೆ ಶಾಯಿ ಬಣ್ಣ. ಇದೂ ಗಡಸು ನೀರೇನಾ?

ಭದ್ರಾವತಿ_ಲೋಕಲ್
ನಿಮ್ಮೂರಲ್ಲೂ ಕಬ್ಬಿಣದ ಕಾರ್ಖಾನೆ ಶುರು ಮಾಡಿ, ಕಚ್ಚಾವಸ್ತು ನಲ್ಲಿಯಲ್ಲೇ ಬರ್ತಿದೆ 😄

ರಸಾಯನ_ಮೇಷ್ಟ್ರು
ಹೊಸನಗರದವರೇ, ಅದು ಗಡಸಲ್ಲ, ಕಬ್ಬಿಣ. ನೆಲದಡಿ ಗಾಳಿ ಇಲ್ಲದಾಗ ಕರಗಿಯೇ ಇರುತ್ತದೆ. ಮೇಲೆ ಬಂದು ಗಾಳಿ ತಾಗಿದ ಮೇಲೆ ಕೆಂಪಗೆ ತಳಕ್ಕೆ ಕೂರುತ್ತದೆ. ಚಹಾ ಕಪ್ಪಾಗುವುದು ಅದರ ಒಗರಿಗೆ ಕಬ್ಬಿಣ ಸೇರಿ. ಹಿಂದಿನವರು ಶಾಯಿ ಮಾಡುತ್ತಿದ್ದದ್ದೂ ಹಾಗೇ. ಟ್ಯಾಂಕಿಗೆ ನೀರು ಬೀಳುವ ಜಾಗದಲ್ಲಿ ತೂತಿನ ತಟ್ಟೆ ಇಟ್ಟು ಚಿಮುಕಿಸಿ ಬೀಳಿಸಿ, ಸ್ವಲ್ಪ ಹೊತ್ತು ನಿಲ್ಲಿಸಿ, ಮರಳಿನ ಮೂಲಕ ಸೋಸಿ. ಕಬ್ಬಿಣ ಬಹುಮಟ್ಟಿಗೆ ಹೋಗುತ್ತದೆ. ಸಾಫ್ಟ್‌ನರ್ ಮಾತ್ರ ಹಾಕಿಸಬೇಡಿ, ಅದರೊಳಗೆ ಸುಣ್ಣದ ಅಂಶ ಹಿಡಿಯುವ ರೆಸಿನ್ ಮಣಿಗಳನ್ನು ಕಬ್ಬಿಣ ಹಾಳು ಮಾಡುತ್ತದೆ.

ಹೊಸನಗರ_ಹುಡುಗ
ಅಡಿಕೆ ಬೇಯಿಸೋಕೆ ಈ ನೀರು ಬಳಸಬಹುದಾ ಮೇಷ್ಟ್ರೇ? ಬಣ್ಣ ಕಪ್ಪಾದರೆ ವ್ಯಾಪಾರಿ ರೇಟು ಕೆಳಗಿಳಿಸ್ತಾನೆ.

ಚೊಗರು_ಚಿನ್ನಪ್ಪ
ಬೇಡ. ಅಡಿಕೆಯದ್ದೂ ಒಗರೇ, ಚಹಾದ ಕಥೆಯೇ ಆಗುತ್ತೆ. ಅಬ್ಬಿ ನೀರನ್ನೇ ಹಿಡಿದಿಟ್ಟುಕೊಳ್ಳಿ. ಕೊಯ್ಲು ಶುರು ಆಗೋ ಹೊತ್ತಿಗೆ ಅಬ್ಬಿಯಲ್ಲಿ ನೀರು ಇದ್ದೇ ಇರುತ್ತೆ ಅಲ್ವಾ? ಹಂಡೆ ತಾಮ್ರದ್ದೇ ಇರಲಿ.

ಸಾಗರದ_ಅಕ್ಕ
ಅಡಿಕೆ ಬಿಡಿ, ಬೇಳೆಗೆ ಬನ್ನಿ. ಸೊಸೆಯವರೇ, ಅತ್ತೆ ಹೇಳುವುದೂ ಸರಿ, ಅಂಗಡಿಯವರು ಹೇಳುವುದೂ ಸರಿ. ಹಳೇ ಬೇಳೆ ಯಾವ ನೀರಿನಲ್ಲೂ ತಡವಾಗಿಯೇ ಬೇಯುವುದು. ಗಡಸು ನೀರಾದರೆ ಹೇಳುವುದೇ ಬೇಡ. ನಮ್ಮ ಮಗಳು ದಾವಣಗೆರೆ ಕಡೆ ಇದ್ದಾಗ ಇದೇ ಗೋಳು. ಅವಳಿಗೆ ನಾನು ಹೇಳಿಕೊಟ್ಟದ್ದು ಇಷ್ಟು: ನಾಳೆಗೆ ಬೇಕಾದ ನೀರು ರಾತ್ರಿಯೇ ಕಳಕಳ ಅಂತ ಕುದಿಸಿ ಇಡಿ. ಬೆಳಗ್ಗೆ ತಳದಲ್ಲಿ ಬಿಳಿ ಗಷ್ಟು ಕೂತಿರುತ್ತದೆ. ಅಲುಗಾಡಿಸದೆ ಮೇಲಿನ ನೀರು ಬಸಿದುಕೊಂಡು ಅದರಲ್ಲಿ ಬೇಳೆ ಹಾಕಿ. ಬೇಳೆಯನ್ನೂ ಅದೇ ನೀರಿನಲ್ಲಿ ನೆನೆಸಿ. ಹುಣಸೆಹುಳಿ, ಟೊಮೆಟೊ ಬೆಂದ ಮೇಲೆಯೇ.

ಕುಕ್ಕರ್_ಸೀಟಿ
ಅಷ್ಟೆಲ್ಲ ಯಾಕೆ? ಚಿಟಿಕೆ ಸೋಡಾ ಹಾಕಿದರೆ ಎರಡೇ ಸೀಟಿ.

ಸಾಗರದ_ಅಕ್ಕ
ಹೋಟೆಲ್ ಸಾಂಬಾರು ಮಾಡ್ತೀರಾ ಮನೆಯಲ್ಲಿ? ಸೋಡಾ ಹಾಕಿದರೆ ರುಚಿ ಕೆಡುತ್ತದೆ, ಬಿ ವಿಟಮಿನ್ನೂ ಹಾಳಾಗುತ್ತದೆ.

ಕುಕ್ಕರ್_ಸೀಟಿ
ಗ್ಯಾಸ್ ಬಿಲ್ ನೀವು ಕಟ್ತೀರಾ ಅಕ್ಕ?

ರಸಾಯನ_ಮೇಷ್ಟ್ರು
ಜಗಳ ಬೇಡ. ಅಕ್ಕ ಹೇಳಿದ ಉಪಾಯ ಸರಿ, ಆದರೆ ಒಂದು ಷರತ್ತು. ಗಡಸುತನದಲ್ಲಿ ಎರಡು ಬಗೆ. ಬೈಕಾರ್ಬೊನೇಟ್‌ನಿಂದ ಬಂದದ್ದು ಕುದಿಸಿದರೆ ಸುಣ್ಣದ ಗಷ್ಟಾಗಿ ತಳಕ್ಕಿಳಿಯುತ್ತದೆ. ಸಲ್ಫೇಟ್, ಕ್ಲೋರೈಡ್‌ನಿಂದ ಬಂದದ್ದು ಎಷ್ಟು ಕುದಿಸಿದರೂ ಹೋಗುವುದಿಲ್ಲ. ಗೀಸರಿನಲ್ಲಿ ಇಷ್ಟೊಂದು ಕಟ್ಟಿದೆ ಅಂದರೆ ಇವರದರಲ್ಲಿ ಮೊದಲನೆಯದು ಜಾಸ್ತಿ ಇರಬೇಕು, ಕುದಿಸಿದರೆ ಪ್ರಯೋಜನ ಇದೆ. ಬೇಳೆ ಬೇಯದಿರಲು ಕಾರಣ ಕ್ಯಾಲ್ಸಿಯಂ. ಅದು ಕಾಳನ್ನು ಹಿಡಿದಿಡುವ ಅಂಟು, ಅಂದರೆ ಪೆಕ್ಟಿನ್, ಜೊತೆ ಸೇರಿ ಅದನ್ನು ಗಟ್ಟಿ ಮಾಡುತ್ತದೆ.

ಗಾಂಧಿಬಜಾರ್_ಗಿರಾಕಿ
ನಮ್ಮ ಅಣ್ಣನ ಮನೆ ಕಥೆ ಕೇಳಿ. ಸಾಫ್ಟ್‌ನರ್ ಹಾಕಿಸಿದ. ಮಾರನೇ ದಿನವೇ ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಲವಣ) ಮೀಟರ್ ಇಟ್ಟು ನೋಡಿದ. ಮೊದಲು ಎಷ್ಟಿತ್ತೋ ಅಷ್ಟೇ! ಡೀಲರ್ ಹತ್ತಿರ ಹೋಗಿ ದೊಡ್ಡ ಗಲಾಟೆ. ಡೀಲರ್‌ಗೂ ವಿವರಿಸೋಕೆ ಬರಲಿಲ್ಲ. ಕೊನೆಗೆ ಇನ್ನೊಂದು ಫಿಲ್ಟರ್ ಮಾರಿ ಕಳಿಸಿದ 😂

ರಸಾಯನ_ಮೇಷ್ಟ್ರು
ಸಾಫ್ಟ್‌ನರ್ ಕೆಲಸ ಮಾಡಿದರೂ ಮೀಟರ್ ಹಾಗೇ ತೋರಿಸುತ್ತದೆ! ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಒಟ್ಟು ಲವಣ ಹೆಚ್ಚು ಕಡಿಮೆ ಅಷ್ಟೇ ಉಳಿಯುತ್ತದೆ. ಮೀಟರ್ ಅಳೆಯುವುದು ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದನ್ನು. ಯಾವ ಲವಣ ಅಂತ ಅದಕ್ಕೆ ಗೊತ್ತಿಲ್ಲ. ಗಡಸುತನಕ್ಕೆ ಬೇರೆಯೇ ಟೆಸ್ಟ್.

ಮನೆಯಲ್ಲೇ ಅಂದಾಜು ನೋಡಬೇಕಾ? ಎರಡು ಬಾಟಲಿ. ಒಂದರಲ್ಲಿ ಮಳೆ ನೀರು ಅಥವಾ ಡಿಸ್ಟಿಲ್ಡ್ ವಾಟರ್, ಒಂದರಲ್ಲಿ ನಿಮ್ಮ ನೀರು. ಸ್ನಾನದ ಸೋಪನ್ನು ಒಂದೇ ಅಳತೆಯಲ್ಲಿ ತುರಿದು ಹಾಕಿ ಚೆನ್ನಾಗಿ ಕುಲುಕಿ. ಮೆದು ನೀರಿನಲ್ಲಿ ನೊರೆ ನಿಲ್ಲುತ್ತದೆ. ಗಡಸಿನಲ್ಲಿ ನೊರೆ ಬಿದ್ದು ಮೊಸರೊಡೆದ ಹಾಗೆ ಗಷ್ಟು ತೇಲುತ್ತದೆ. ಬಟ್ಟೆ ಸೋಪಿನ ಪುಡಿ ಹಾಕಬೇಡಿ, ಅದು ಗಡಸು ನೀರಿನಲ್ಲೂ ನೊರೆ ಬರಿಸಿ ನಿಮಗೆ ಮೋಸ ಮಾಡುತ್ತದೆ.

ನವುಲೆ_ನಂಜ
ಕೂದಲು ಉದುರೋದು ಇದೇ ನೀರಿಂದಾನಾ? ನಂದು ಅರ್ಧ ತಲೆ ಖಾಲಿ.

ಬಚ್ಚಲೊಲೆ
ನಿಮ್ಮ ಅಪ್ಪನ ಫೋಟೋ ನೋಡಿ ಒಂದ್ಸಲ.

ಡ್ಯೂಟಿ_ಮುಗಿದ_ನರ್ಸ್
😂 ಅದೂ ನಿಜ. ಗಡಸು ನೀರಿನಲ್ಲಿ ಕೂದಲು ಒರಟಾಗುತ್ತದೆ, ಸೋಪಿನ ಜಿಡ್ಡು ಕೂತು ಸಿಕ್ಕಾಗುತ್ತದೆ, ಚರ್ಮ ಒಣಗುತ್ತದೆ. ಬೊಕ್ಕ ತಲೆಗೆ ಇದೇ ಕಾರಣ ಅಂತ ಹೇಳೋಕಾಗಲ್ಲ. ಕಿಡ್ನಿ ಕಲ್ಲಿನದ್ದೂ ಹಾಗೇ. ಬಕೆಟ್ಟಿನಲ್ಲಿ ಕಲ್ಲು ಕಟ್ಟಿದರೆ ಹೊಟ್ಟೆಯಲ್ಲೂ ಕಟ್ಟುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಗಡಸುತನಕ್ಕೆ ಆರೋಗ್ಯದ ಕಾರಣದಿಂದ ಮಿತಿ ಇಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿಲ್ಲ. ಕಿಡ್ನಿಯಲ್ಲಿ ಕಲ್ಲು ಕಟ್ಟುವ ಜನ ಬಹುಮಟ್ಟಿಗೆ ನೀರು ಕಡಿಮೆ ಕುಡಿಯುವವರು. ತೋಟದಲ್ಲಿ, ಬಸ್ಸಿನಲ್ಲಿ ಇಡೀ ದಿನ ಬೆವರು ಹರಿಸಿ ಎರಡು ಲೋಟ ನೀರು ಕುಡಿದರೆ ಯಾವ ಊರಿನ ನೀರಾದರೇನು?

ನವುಲೆ_ನಂಜ
ನಮ್ಮ ಪಕ್ಕದ ಮನೆಯವರಿಗೆ ಡಾಕ್ಟರೇ ಬೋರ್ ನೀರು ಬಿಡಿ ಅಂದಿದ್ದಾರೆ.

ಡ್ಯೂಟಿ_ಮುಗಿದ_ನರ್ಸ್
ಕಲ್ಲು ಇರುವವರಿಗೆ ಡಾಕ್ಟರು ನೋಡಿ ಹೇಳಿದರೆ ಅದನ್ನೇ ಕೇಳಲಿ. ನಾನು ಹೇಳಿದ್ದು ಎಲ್ಲರೂ ಹೆದರಬೇಕಿಲ್ಲ ಅಂತ. ಬೋರ್ ನೀರಿನಲ್ಲಿ ಹೆದರಬೇಕಾದದ್ದು ಫ್ಲೋರೈಡ್, ನೈಟ್ರೇಟ್. ಅದು ಕಣ್ಣಿಗೂ ಕಾಣಲ್ಲ, ಬಾಯಿಗೂ ಗೊತ್ತಾಗಲ್ಲ. ಕುದಿಸಿದರೂ ಹೋಗಲ್ಲ.

ಪೈಪ್_ರಿಂಚು
ನಾನು ಈ ಕೆಲಸದಲ್ಲೇ ಇರೋನು. ಕೆಲವು ಮಾತು.

ಗೀಸರ್ ಪೂರ್ತಿ ಬಿಸಿಗೆ ಇಡಬೇಡಿ. ನೀರು ಬಿಸಿಯಾದಷ್ಟೂ ಸುಣ್ಣ ಕಟ್ಟುವುದು ಜಾಸ್ತಿ. 50 ಡಿಗ್ರಿ ಆಸುಪಾಸು ಸ್ನಾನಕ್ಕೆ ಧಾರಾಳ ಸಾಕು. ವರ್ಷಕ್ಕೊಮ್ಮೆ ಬಿಚ್ಚಿಸಿ ಕ್ಲೀನ್ ಮಾಡಿಸಿ, ಆಗಲೇ ಒಳಗಿನ ಆನೋಡ್ ಕಡ್ಡಿ (ಟ್ಯಾಂಕಿನ ಬದಲು ತಾನು ಸವೆಯುವ ಲೋಹದ ಕಡ್ಡಿ) ಸವೆದಿದ್ದರೆ ಬದಲಿಸಿ. ಅದು ಹೋದರೆ ಆಮೇಲೆ ಟ್ಯಾಂಕೇ ತೂತು.

ಸೋಲಾರ್ ಹಾಕಿಸುವವರು ಮೊದಲೇ ನೀರು ಯಾವುದು ಅಂತ ಹೇಳಿ. ತಾಮ್ರದ ಪೈಪಿನ ಪ್ಯಾನಲ್ಲಿಗೆ ಈ ನೀರು ನೇರ ಬಿಟ್ಟರೆ ಸಣ್ಣ ಪೈಪೆಲ್ಲ ಕಟ್ಟಿಕೊಳ್ಳುತ್ತದೆ. ಗಾಜಿನ ಟ್ಯೂಬಾದರೆ ತಳದಲ್ಲಿ ಕೂರುತ್ತದೆ, ತೆಗೆದು ತೊಳೆಯಬಹುದು.

ಶವರ್ ಬಿಚ್ಚಿ ಬಿಸಿನೀರಿಗೆ ನಿಂಬೆ ಉಪ್ಪು ಹಾಕಿ ರಾತ್ರಿ ನೆನೆಸಿಡಿ. ಬೆಳಗ್ಗೆ ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿದರೆ ಹೋಯ್ತು. ಬಕೆಟ್ಟಿಗೂ ಅದೇ. ಬಾತ್‌ರೂಮ್ ಆಸಿಡ್ ಸುರಿಯಬೇಡಿ, ನಲ್ಲಿಯ ಪಾಲಿಶ್ ಎದ್ದು ಹೋಗುತ್ತೆ. ಆಸಿಡ್ ಹಾಕಿದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಅಂತೂ ಯಾವತ್ತೂ ಹಾಕಬೇಡಿ. ಕ್ಲೋರಿನ್ ಗ್ಯಾಸ್ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಗಾಂಧಿಬಜಾರ್_ಗಿರಾಕಿ
ಪೈಪಿಗೆ ಕಟ್ಟೋ ಅಯಸ್ಕಾಂತ ಬಂದಿದೆಯಲ್ಲ, ಅದು ಹೇಗೆ?

ಪೈಪ್_ರಿಂಚು
ಮಾರುವವರು ಚೆನ್ನಾಗಿದ್ದಾರೆ 🙂 ಹಾಕಿಸಿಕೊಂಡ ಮನೆಗಳಲ್ಲೂ ನಾನು ಕಾಯಿಲ್ ಬದಲಿಸಿದ್ದೇನೆ.

ಟ್ಯಾಂಕ್_ಮೇಲಿನ_ಕಾಗೆ
ಪಟಿಕ ಹಾಕಿದರೆ ಆಗಲ್ವಾ? ನಮ್ಮಜ್ಜಿ ಹಾಕ್ತಿದ್ದರು.

ಸಾಗರದ_ಅಕ್ಕ
ಅದು ಮಳೆಗಾಲದ ಕೆಂಪು ಹೊಳೆ ನೀರಿಗೆ ತಮ್ಮ. ಮಣ್ಣು ತಳಕ್ಕೆ ಕೂರುತ್ತೆ ಅಷ್ಟೇ.

ಶಿಕಾರಿಪುರ_ಶಿವು
ಎಲ್ಲರೂ ಒಂದೊಂದು ಮನೆ ಲೆಕ್ಕದಲ್ಲೇ ಮಾತಾಡುತ್ತಿದ್ದೀರಿ. ಲೇಔಟ್‌ನಲ್ಲಿ ಎಷ್ಟು ಮನೆ ಇವೆಯೋ ಅಷ್ಟು ಎಪ್ಪತ್ತು ಸಾವಿರ ಕೂಡಿಸಿ ನೋಡಿ. ಆ ದುಡ್ಡಿನಲ್ಲಿ ಏನೇನು ಮಾಡಬಹುದು? ಸೈಟು ಮಾರುವಾಗ "ಸಿಹಿ ನೀರು, 24 ಗಂಟೆ" ಅಂದವರು ಈಗ ಫೋನ್ ಎತ್ತುತ್ತಾರಾ? ಲೇಔಟ್ ಕಾರ್ಪೊರೇಷನ್‌ಗೆ ಹಸ್ತಾಂತರ ಆಗಿದೆಯಾ ಇಲ್ಲವಾ ಮೊದಲು ತಿಳಿದುಕೊಳ್ಳಿ. ಆಗಿಲ್ಲ ಅಂದರೆ ಪೈಪು ಕೇಳೋಕೆ ಹೋದಾಗ ಅವರು ಇವರನ್ನು ತೋರಿಸ್ತಾರೆ, ಇವರು ಅವರನ್ನು ತೋರಿಸ್ತಾರೆ. ಎಲ್ಲರೂ ಸೇರಿ ಸಹಿ ಹಾಕಿ ಲಿಖಿತವಾಗಿ ಕೊಡಿ, ಸ್ವೀಕೃತಿ ತಗೊಳ್ಳಿ. ಒಬ್ಬೊಬ್ಬರೇ ಹೋದರೆ "ನೋಡೋಣ" ಅಂತ ಕಳಿಸ್ತಾರೆ.

ಭದ್ರಾವತಿ_ಲೋಕಲ್
ಸಕ್ರೆಬೈಲಿನ ಆನೆಗಳು ಗಾಜನೂರು ಹಿನ್ನೀರಲ್ಲಿ ದಿನಾ ತುಂಗಾ ಸ್ನಾನ ಮಾಡ್ತಾವೆ. ಹತ್ತಿರದಲ್ಲೇ ಇರೋ ಮನುಷ್ಯರಿಗೆ ಬೋರ್ ನೀರು. ಮುಂದಿನ ಜನ್ಮದಲ್ಲಿ ಆನೆ ಆಗಬೇಕು.

ಗಾಂಧಿಬಜಾರ್_ಗಿರಾಕಿ
ಆನೆಗೆ ಬೇಳೆ ಬೇಯಿಸೋ ಚಿಂತೆಯೂ ಇಲ್ಲ.

ಮಳೆಕೊಯ್ಲು_ಮಾವ
ಆಕಾಶದಿಂದ ಪುಕ್ಕಟೆ ಬರುವ ಮೆದು ನೀರನ್ನು ಚರಂಡಿಗೆ ಬಿಟ್ಟು ಯಂತ್ರದ ಮಾತಾಡುತ್ತಿದ್ದೀರಲ್ಲ? ಲೆಕ್ಕ ಸುಲಭ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಸಾವಿರ ಚದರ ಅಡಿ ತಾರಸಿ ಅಂದರೆ 93 ಚದರ ಮೀಟರ್. 10 ಮಿ.ಮೀ. ಮಳೆ ಒಂದು ಸಂಜೆ ಬಿದ್ದರೆ 930 ಲೀಟರ್. ಮೊದಲ ಕೊಳೆ ನೀರು ಹೊರಗೆ ಬಿಟ್ಟು, ಸೋರಿದ್ದು ಕಳೆದರೂ 700 ಲೀಟರ್ ಎಲ್ಲೂ ಹೋಗಲ್ಲ. ಅಡುಗೆಗೆ, ಕುಡಿಯೋಕೆ ಎಷ್ಟು ಬೇಕು? ಬೇರೆ ಸಂಪು ಮಾಡಿಸಿ, ಬೋರ್ ನೀರಿನ ಜೊತೆ ಸೇರಿಸಬೇಡಿ. ಕುಡಿಯುವ ಮುಂಚೆ ಸೋಸಿ ಕುದಿಸಿ.

ಕುಕ್ಕರ್_ಸೀಟಿ
ಜೂನಿಂದ ಸೆಪ್ಟೆಂಬರ್ ಸರಿ ಮಾವ. ಮಾರ್ಚ್ ಏಪ್ರಿಲ್‌ಗೆ ಏನು ಮಾಡೋದು?

ಮಳೆಕೊಯ್ಲು_ಮಾವ
ಸಂಪು ದೊಡ್ಡದು ಮಾಡಿ. ಇಲ್ಲಾ ಉಳಿದ ನೀರನ್ನು ಬೋರಿನ ಪಕ್ಕ ಇಂಗುಗುಂಡಿಗೆ ಬಿಡಿ.

ಸವಳಂಗ_ರಸ್ತೆ_ಸೊಸೆ
ಎಲ್ಲರಿಗೂ ಥ್ಯಾಂಕ್ಸ್. ರಿಪೋರ್ಟ್ ಬಂತು. ಗಡಸುತನ 420, ಟಿಡಿಎಸ್ 690. ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಎಲ್ಲ ಮಿತಿಯೊಳಗೆ. ಬ್ಯಾಕ್ಟೀರಿಯಾ ಇಲ್ಲ. ಅತ್ತೆಗೆ ತೋರಿಸಿದೆ. ಆ ಲೋಟದಲ್ಲಿ ಬಂದದ್ದು ಏನು ಹಾಗಾದರೆ ಅಂದರು. ಮೇಷ್ಟ್ರು ಹೇಳಿದ ಹಾಗೆ ಕಡ್ಡಿಯ ತುಕ್ಕು ಅಂದೆ. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. 420 ಅಂದರೆ ತುಂಬಾ ಜಾಸ್ತಿನಾ?

ರಸಾಯನ_ಮೇಷ್ಟ್ರು
ಕುಡಿಯುವ ನೀರಿಗೆ ಐಎಸ್ 10500 ಅಂತ ಮಾನದಂಡ ಇದೆ. ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600 ತನಕ ಒಪ್ಪಬಹುದು. ಟಿಡಿಎಸ್‌ಗೆ ಅದೇ ರೀತಿ 500, 2,000. ನಿಮ್ಮದು ನಡುವೆ ಇದೆ. ಕುಡಿದರೆ ಅಪಾಯ ಇಲ್ಲ, ಗೀಸರಿಗೆ, ವಾಷಿಂಗ್ ಮಷೀನಿಗೆ ಶತ್ರು.

ನಾನಾದರೆ ಬಚ್ಚಲು, ಗೀಸರ್, ಮಷೀನಿನ ಲೈನಿಗೆ ಮಾತ್ರ ಸಣ್ಣ ಸಾಫ್ಟ್‌ನರ್ ಹಾಕಿಸುತ್ತಿದ್ದೆ. ಅಡುಗೆ ಮನೆ ನಲ್ಲಿ ಅದರಿಂದ ಹೊರಗೆ. ಗಡಸುತನ 100 ಇಳಿದರೆ ಲೀಟರಿಗೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ನಿಮ್ಮ ಲೆಕ್ಕಕ್ಕೆ 190 ದಾಟುತ್ತದೆ. ಅತ್ತೆಗೆ ಬಿಪಿ ಇದ್ದರೆ ಅದನ್ನು ದಿನಾ ಕುಡಿಸುವುದು ಯಾಕೆ?

ಸವಳಂಗ_ರಸ್ತೆ_ಸೊಸೆ
ಬಿಪಿ ಇದೆ ಸರ್, ಮಾತ್ರೆ ತಗೋತಾರೆ. ಹಾಗಾದರೆ ಆರ್‌ಓ?

ರಸಾಯನ_ಮೇಷ್ಟ್ರು
ರುಚಿ ಹಿಡಿಸದಿದ್ದರೆ ಅಡುಗೆ ಮನೆಗೆ ಒಂದು ಸಣ್ಣದು ಇರಲಿ, ಬೇಳೆಗೂ ಆಗುತ್ತದೆ. ಕಾರ್ಪೊರೇಷನ್ ನೀರು ಬಂದ ದಿನ ತೆಗೆದು ಬಿಡಿ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬೇಡ ಅಂತ 2019ರಲ್ಲಿ ಹಸಿರು ನ್ಯಾಯಮಂಡಳಿಯೇ ಹೇಳಿದೆ. ಆರ್‌ಓ ಹೊರಗೆ ಬಿಡುವ ನೀರು ಚೆಲ್ಲಬೇಡಿ, ನೆಲ ಒರೆಸೋಕೆ, ಟಾಯ್ಲೆಟ್‌ಗೆ ಹಿಡಿದಿಡಿ.

ಸವಳಂಗ_ರಸ್ತೆ_ಸೊಸೆ
ಸರಿ ಸರ್. ಬಚ್ಚಲ ಲೈನಿಗೆ ಮಾತ್ರ ಎಷ್ಟಾಗುತ್ತೆ ಅಂತ ಬೇರೆ ಎರಡು ಕಡೆ ಕೇಳಿದ್ದೇವೆ, ಅರ್ಧಕ್ಕಿಂತ ಕಡಿಮೆ ಹೇಳುತ್ತಿದ್ದಾರೆ. ಈ ಭಾನುವಾರ ಲೇಔಟ್‌ನವರೆಲ್ಲ ನಮ್ಮ ಮನೆ ಹತ್ತಿರ ಸೇರುತ್ತಿದ್ದೇವೆ, ಪೈಪಿನ ಅರ್ಜಿಗೆ. ಶಿವು ಅಣ್ಣ, ಅರ್ಜಿ ಹೇಗೆ ಬರೆಯೋದು ಸ್ವಲ್ಪ ಹೇಳಿ.

ಶಿಕಾರಿಪುರ_ಶಿವು
ಮೆಸೇಜ್ ಮಾಡಿದ್ದೇನೆ ನೋಡಿ. ನೀರಿನ ರಿಪೋರ್ಟಿನ ಜೆರಾಕ್ಸ್ ಲಗತ್ತಿಸಿ, ಮರೀಬೇಡಿ.

ಚೊಗರು_ಚಿನ್ನಪ್ಪ
ಸಾಫ್ಟ್‌ನರ್ ರೆಸಿನ್ ಆಗಾಗ ಉಪ್ಪು ಹಾಕಿ ತೊಳೀಬೇಕಲ್ಲ, ಆ ಉಪ್ಪುನೀರು ಎಲ್ಲಿಗೆ ಬಿಡ್ತೀರಿ ತಾಯಿ? ನಮ್ಮ ಭಾವ ಹಿತ್ತಲಿಗೆ ಬಿಟ್ಟ, ಎರಡು ತೆಂಗು, ಒಂದು ಕರಿಬೇವು ಒಣಗಿ ನಿಂತವು.

ಪೈಪ್_ರಿಂಚು
ಒಳಚರಂಡಿ ಲೈನಿಗೇ ಕೊಡಬೇಕು, ಗಿಡದ ಬುಡಕ್ಕೂ ಬೇಡ, ಇಂಗುಗುಂಡಿಗೂ ಬೇಡ. ಇಂಗುಗುಂಡಿಗೆ ಬಿಟ್ಟರೆ ಅದೇ ಉಪ್ಪು ನಾಳೆ ಬೋರಲ್ಲಿ ವಾಪಸ್. ತೊಳೆಯೋಕೆ ಹರಳುಪ್ಪು ಹಾಕಿ, ಅಯೋಡಿನ್ ಪುಡಿ ಉಪ್ಪು ಬೇಡ. ಬೈಪಾಸ್ ವಾಲ್ವ್ ಇಡಿಸಿಕೊಳ್ಳಿ, ಇಲ್ಲಾ ಅಂದರೆ ರಿಪೇರಿ ದಿನ ಇಡೀ ಮನೆಗೆ ನೀರಿಲ್ಲ.